ಅತ್ಯಾ, ಮೌಶಿ ಮತ್ತು ನಡುವಿನ ಟಪಾಲು

ನನ್ನನ್ನು ಪುಣೆಗೆ ಕಳಿಸಿದ್ದು ಓದಿಸಲಿಕ್ಕೆ ಎಂದು ನಮ್ಮಪ್ಪ ಸಾಯುವ ತನಕ ಹೇಳಿಕೊಂಡ. ನಂಬಬೇಡಿ. ಧಾರವಾಡದ ನಮ್ಮ ಓಣಿಯ ಹಿರಿಯರೆಲ್ಲ ಒಟ್ಟಾಗಿ ಬಂದು ಬೇಡಿಕೊಂಡಿದ್ದರಿಂದ ಕಳಿಸಿದ್ದು. ಆಚಾರ್ಯರ ಮಡಿ ಪಂಚೆಯನ್ನು ಅಗಸರ ಕತ್ತೆಗೆ ಉಡಿಸಿ, ಅದರ ಹಣೆಗೆ ಗಂಧ ಹಚ್ಚಿ, ಸರಿಯಾಗಿ ಅವರು ಪುರಾಣ ಹೇಳುವ ಹೊತ್ತಿಗೆ ಮಠದ ಬಾಗಿಲಿಗೆ ತಂದು ನಿಲ್ಲಿಸಿದ ಹುಡುಗಿ ನಾನು. ಅಂಥ ಕೆಲಸಕ್ಕೆ ಎಷ್ಟು ತಯಾರಿ ಬೇಕು ಎಂಬುದು ಮಾಡಿದವರಿಗೇ ಗೊತ್ತು. ಕತ್ತೆ ಸುಮ್ಮನೆ ನಿಂತು ಉಡಿಸಿಕೊಳ್ಳುವುದಿಲ್ಲ. ಇಷ್ಟಾಗಿ ನನ್ನ ಹೆಸರು ಸುಶೀಲಾ. ನಮ್ಮ ಕಡೆ ತೊಟ್ಟಿಲಲ್ಲಿ ಕೂಸಿನ ಕಿವಿಗೆ ಹೆಸರು ಹೇಳುವವಳು ಸೋದರತ್ತೆ. ಈ ಹೆಸರು ಹೇಳಿದವಳು ಅಪ್ಪನ ಅಕ್ಕ, ನನ್ನ ಗಂಗಾ ಅತ್ಯಾ. ಇಟ್ಟವಳೇ ಅನುಭವಿಸಲಿ ಎಂದು ನನ್ನನ್ನೂ ಒಂದು ಡಬ್ಬಿ ಗುಳ್ಳಡಿಕೆ ಉಂಡೆಯನ್ನೂ ರೈಲಿಗೆ ಹತ್ತಿಸಿದರು. ಉಂಡೆ ಮಿರಜಿನ ಆಚೆ ಹೋಗಲಿಲ್ಲ, ನಾನು ಹೋದೆ.

ಅತ್ಯಾ ಇದ್ದದ್ದು ಸದಾಶಿವ ಪೇಠದ ಒಂದು ವಾಡೆಯ ಮಹಡಿಯ ಮೇಲೆ. ಕೆಳಗೆ ನಡುವೆ ಕಲ್ಲು ಹಾಸಿದ ಚೌಕ, ಅದರ ಮೂಲೆಯಲ್ಲಿ ನೀರಿನ ತೊಟ್ಟಿ, ಸುತ್ತಲೂ ಬಾಡಿಗೆಯ ಬಿಡಾರಗಳು. ಒಬ್ಬರ ಮನೆಯಲ್ಲಿ ಒಗ್ಗರಣೆ ಸಿಡಿದರೆ ಇನ್ನೊಬ್ಬರ ಮನೆಯಲ್ಲಿ ಸೀನುತ್ತಿದ್ದರು. ಅತ್ಯಾ ಹುಡುಗಿಯರ ಶಾಲೆಯಲ್ಲಿ ಕಲಿಸುತ್ತಿದ್ದಳು. ಮದುವೆ ಬೇಡವೆಂದು ಹಟ ಹಿಡಿದು, ಹಟದಲ್ಲೇ ನಲವತ್ತು ದಾಟಿದ ಎತ್ತರದ ಹೆಂಗಸು. ಅವಳು ಮಾತಾಡಿದರೆ ಚೌಕದ ಆಚೆಯ ಬಿಡಾರದವರು ತಮ್ಮನ್ನೇ ಬೈದಳೆಂದು ತಿಳಿಯುತ್ತಿದ್ದರು. ಅವಳ ಜೊತೆ ಇದ್ದವಳು ಶಾಂತಾ ಮೌಶಿ. ಮೌಶಿ ಎಂದರೆ ತಾಯಿಯ ತಂಗಿ, ಆದರೆ ನಮ್ಮವ್ವನಿಗೂ ಇವಳಿಗೂ ಯಾವ ಸಂಬಂಧವೂ ಇರಲಿಲ್ಲ. ಆಡುವ ವಯಸ್ಸಿನಲ್ಲಿ ಮದುವೆಯಾಗಿ, ಆಡುವ ವಯಸ್ಸಿನಲ್ಲೇ ಗಂಡ ಸತ್ತು, ತಲೆ ಬೋಳಿಸಿಕೊಂಡು ಪುಣೆಯ ಒಂದು ವಿಧವೆಯರ ಆಶ್ರಮಕ್ಕೆ ಬಂದವಳು. ಅತ್ಯಾ ಆಗ ಅಲ್ಲಿ ಅಕ್ಷರ ಕಲಿಸುತ್ತಿದ್ದಳು. ಮೌಶಿ ಓದಿ ನರ್ಸಾದಳು, ಅತ್ಯಾನಿಂದ ನಮ್ಮ ಕನ್ನಡ ಕಲಿತಳು, ಕೂದಲು ಬೆಳೆಸಿದಳು, ಅತ್ಯಾ ಮನೆ ಹಿಡಿದಾಗ ಅವಳ ಜೊತೆ ಬಂದಳು. ನಾನು ಬರುವ ಹೊತ್ತಿಗೆ ಅವರಿಬ್ಬರ ಸಂಸಾರ ನನಗಿಂತ ಹಳೆಯದಾಗಿತ್ತು.

ಸಂಸಾರ ಎಂದೆ. ಬೇರೆ ಮಾತು ನನಗೆ ಸಿಕ್ಕಿಲ್ಲ, ಹುಡುಕಿಯೂ ಇಲ್ಲ. ಒಳಗಿನ ಖೋಲಿಯಲ್ಲಿ ಒಂದು ಸಾಗವಾನಿ ಮಂಚ. ಊರಿಗೆ ಹೊರಟ ಯಾರೋ ಗೋರಾ ಸಾಹೇಬನ ಸಾಮಾನು ದಂಡಿನವರ ಕ್ಯಾಂಪಿನಲ್ಲಿ ಹರಾಜಾದಾಗ ಅತ್ಯಾ ಕೂಗಿ ತಂದದ್ದು. ವಾಡೆಯ ಮೆಟ್ಟಿಲಲ್ಲಿ ಅದು ತಿರುಗಲಿಲ್ಲ. ಹಗ್ಗ ಕಟ್ಟಿ ಗ್ಯಾಲರಿಯಿಂದ ಎಳೆದು ಮೇಲೇರಿಸಿದರಂತೆ. ಆ ಮಂಚದಲ್ಲಿ ಕಿಟಕಿಯ ಕಡೆ ಮೌಶಿ, ಗೋಡೆಯ ಕಡೆ ಅತ್ಯಾ, ಇಬ್ಬರ ಮೇಲೂ ಒಂದೇ ಸೊಳ್ಳೆ ಪರದೆ. ದಿನಾ ಮುಂಜಾನೆ ಮೌಶಿ ನೆಲದ ಮೇಲೆ ಕೂತು ಪೇಪರು ಓದುತ್ತಿದ್ದಳು, ಅತ್ಯಾ ಅವಳ ಹಿಂದೆ ಮಣೆಯ ಮೇಲೆ ಕೂತು ಅವಳ ತಲೆ ಹಿಕ್ಕಿ ಜಡೆ ಹಾಕುತ್ತಿದ್ದಳು. ಶಾಲೆಗೆ ತಡವಾಗಲಿ, ಮನೆಗೆ ನೆಂಟರು ಬರಲಿ, ಆ ಜಡೆ ಅತ್ಯಾನ ಕೆಲಸ. ನಾನು ಒಂದು ಸಲ ಬಾಚಣಿಗೆ ಕೈಗೆ ತಗೊಂಡಿದ್ದಕ್ಕೆ, ಕತ್ತೆಯ ವಿಷಯಕ್ಕೂ ಬೈಯದವಳು ಬೈದಳು.

ಜಗಳಕ್ಕೂ ಕೊರತೆ ಇರಲಿಲ್ಲ. ಮುಖ್ಯ ಜಗಳ ಸಾರಿನದು. ಪುಣೆಯವರ ಹಾಗೆ ಸಾರಿಗೆ ಬೆಲ್ಲ ಬೇಕು ಮೌಶಿಗೆ. ಅತ್ಯಾಗೆ ಕಣ್ಣಲ್ಲಿ ನೀರು ಬರುವ ಧಾರವಾಡದ ಖಾರ. ಜಗಳವಾದರೆ ಇಬ್ಬರೂ ಮಾತು ಬಿಡುತ್ತಿದ್ದರು. ಬಿಟ್ಟ ಮಾತೆಲ್ಲ ನನ್ನ ಮೂಲಕ ಹೋಗಬೇಕು, ಇಬ್ಬರೂ ಒಂದೇ ಖೋಲಿಯಲ್ಲಿ ಎದುರಾಬದುರು ಕೂತಿದ್ದರೂ ಸರಿಯೆ.

"ಸುಶಿ, ಹೇಳು ನಿಮ್ಮ ಅತ್ಯಾಗ, ಸಾರಿನಾಗ ಬೆಲ್ಲಾ ಹಾಕಿದ್ರ ಯಾರೂ ಸಾಯಂಗಿಲ್ಲ ಅಂತ."

"ಸುಶಿ, ಹೇಳು ನಿಮ್ಮ ಮೌಶಿಗೆ, ಅದಕ್ಕ ಸಾರು ಅನ್ನಂಗಿಲ್ಲ, ಪಾಯಸ ಅಂತಾರ ಅಂತ."

ನಾನು ಮನೆಯ ಟಪಾಲು. ಆದರೆ ಪೋಸ್ಟಿನವರ ಹಾಗೆ ಕೊಟ್ಟದ್ದನ್ನು ಕೊಟ್ಟ ಹಾಗೆ ಮುಟ್ಟಿಸುವ ಮೂರ್ಖತನ ನನ್ನಲ್ಲಿರಲಿಲ್ಲ. ಅಕ್ಕಪಕ್ಕದ ಖೋಲಿಯಲ್ಲಿದ್ದರೆ ನಡುವೆ ಪಡಸಾಲೆ ಬರುತ್ತದಲ್ಲ, ಅಷ್ಟು ಜಾಗ ನನಗೆ ಸಾಕು. ಅತ್ಯಾ "ಅಕಿಗೆ ಬುದ್ಧಿ ಇಲ್ಲ" ಎಂದು ಕಳಿಸಿದರೆ ಮೌಶಿಗೆ ಮುಟ್ಟುವಾಗ "ನೀ ಇಲ್ಲದ ಅಕಿಗೆ ಬುದ್ಧಿ ಓಡವಲ್ತಂತ" ಆಗಿರುತ್ತಿತ್ತು. ಮೌಶಿಯ ಮುಖ ಅರಳುತ್ತಿತ್ತು, ಅಡಿಗೆಮನೆಯಿಂದ ನನಗೊಂದು ಕರದಂಟು ಬರುತ್ತಿತ್ತು. ಜಗಳ ಇನ್ನೂ ಬೇಕೆನಿಸಿದ ದಿನ ಉಲ್ಟಾ ಮಾಡುತ್ತಿದ್ದೆ. ಅವರು ಎಷ್ಟು ನಂಬಿದರು ಎಂದು ಕೇಳಬೇಡಿ. ಆ ಮನೆಯಲ್ಲಿ ಯಾವ ಜಗಳವೂ ಮೂರನೆಯ ಊಟ ಕಾಣಲಿಲ್ಲ, ಅದರ ಪೂರ್ತಿ ಶ್ರೇಯಸ್ಸು ನನ್ನದು.

ಸಾರಿಗಿಂತ ದೊಡ್ಡ ವಿಷಯ ಆ ಮನೆಗೆ ಬಂದದ್ದು ಮೌಶಿಯಿಂದ. ಅವಳ ಹತ್ತಿರ ತರಕಾರಿ ಮಂಡಿಯ ಹೆಂಗಸರು ಔಷಧಕ್ಕೆ ಬರುತ್ತಿದ್ದರು. ಎಲ್ಲರದೂ ಒಂದೇ ರೋಗ, ಕಿಬ್ಬೊಟ್ಟೆಯ ಉರಿ. ಬೆಳಕು ಹರಿಯುವ ಮೊದಲೇ ಬುಟ್ಟಿ ಇಟ್ಟು ಕೂತವರು ಕತ್ತಲಾಗುವ ತನಕ ಏಳುವ ಹಾಗಿಲ್ಲ. ಎದ್ದರೂ ಹೋಗಲು ಜಾಗವಿಲ್ಲ. ಅದಕ್ಕೆ ಹೆದರಿ ಇಡೀ ದಿನ ನೀರು ಕುಡಿಯುತ್ತಿರಲಿಲ್ಲ. ಗಂಡಸರಿಗೆ ಗೋಡೆಗಳಿದ್ದವು. ಒಂದು ಸಂಜೆ ಮೌಶಿ ಔಷಧದ ಬಾಟಲಿ ಮುಚ್ಚುತ್ತಾ ಹೇಳಿದಳು:

"ಗಂಗಾ, ನಾ ಎಷ್ಟ ಔಷಧಾ ಕೊಟ್ರೂ ಅಷ್ಟ. ಇವರಿಗೆ ಬೇಕಾದ್ದು ಔಷಧಾ ಅಲ್ಲ, ಒಂದ ಸಂಡಾಸ."

ಅತ್ಯಾ ಮರುದಿನವೇ ಶುರು ಮಾಡಿದಳು. ಶಾಲೆಯ ಸಭೆಯಲ್ಲಿ ಹೇಳಿದಳು, ವಾಚನಾಲಯದ ಸಭೆಯಲ್ಲಿ ಎದ್ದು ನಿಂತು ಹೇಳಿದಳು. ಆ ಶಬ್ದ ಹೆಂಗಸಿನ ಬಾಯಲ್ಲಿ ಕೇಳಿ ಅಧ್ಯಕ್ಷರಿಗೆ ಕೆಮ್ಮು ಬಂತು. ನಗರಪಾಲಿಕೆಗೆ ಹೋದರೆ ಮೊದಲು ಕುರ್ಚಿ ಕೊಟ್ಟರು, ಆಮೇಲೆ ಚಹಾ ಕೊಟ್ಟರು, ಆಮೇಲೆ ಬಾಗಿಲು ತೋರಿಸಿದರು. ಒಳಗೆ ಕೂತವರ ಪೈಕಿ ಒಬ್ಬಳಾಗದೆ ಇದು ಆಗುವುದಿಲ್ಲ ಎಂದು ಅತ್ಯಾ ಹೆಂಗಸರ ಜಾಗಕ್ಕೆ ಚುನಾವಣೆಗೆ ನಿಂತಳು. ಪೇಠದ ಹುಡುಗರು ಅವಳಿಗೆ ಸಂಡಾಸಬಾಯಿ ಎಂದು ಹೆಸರಿಟ್ಟರು. ಅವರೆಲ್ಲರ ಗಾಳಿಪಟದ ಮಾಂಜಾ ದಾರಕ್ಕೆ ನಾನು ಏನು ಮಾಡಿದೆ ಎಂಬುದು ಬೇರೆ ಕಥೆ. ಆ ಸಂಕ್ರಾಂತಿಗೆ ನಮ್ಮ ಗಲ್ಲಿಯ ಮೇಲಿನ ಆಕಾಶ ಖಾಲಿ ಇತ್ತು ಎಂದಷ್ಟೇ ಹೇಳುತ್ತೇನೆ.

ಅತ್ಯಾನ ಎದುರು ನಿಂತವಳು ವಕೀಲಬಾಯಿ. ದೊಡ್ಡ ವಕೀಲರ ಹೆಂಡತಿ, ಮೂಗಿಗೆ ಮುತ್ತಿನ ನತ್ತು, ರೀತಿ ರಿವಾಜು ಎಂದರೆ ಪ್ರಾಣ. ಯಾರ ಮನೆಯ ಪೂಜೆಯಲ್ಲಿ ಎಲೆ ಯಾವ ಕಡೆ ತಿರುಗಿತ್ತು ಎಂದು ವರ್ಷವಾದ ಮೇಲೂ ಹೇಳಬಲ್ಲವಳು. ಕೆಟ್ಟವಳಲ್ಲ. ಆದರೆ ಅವಳ ಕಡೆಯವರು ಮನೆಮನೆಗೆ ಹೋಗಿ ಒಂದೇ ಮಾತು ಕೇಳುತ್ತಿದ್ದರು: ಮದುವೆಯಾಗದ ಹೆಂಗಸು, ಜೊತೆಗೊಬ್ಬ ವಿಧವೆ, ಅದೆಂಥ ಮನೆ ಅದು? ಇದನ್ನು ನಮಗೆ ತಂದು ಮುಟ್ಟಿಸಿದವಳು ವಾಡೆಯ ಯಜಮಾನನ ಹೆಂಡತಿ, ನಾವೆಲ್ಲ ವೈನಿ ಅನ್ನುತ್ತಿದ್ದವಳು. ವೈನಿ ಮಾತಾಡುವುದು ಮರಾಠಿ, ವಕೀಲಬಾಯಿಯೂ ಹಾಗೇ. ಇಲ್ಲಿ ಅವರ ಮಾತನ್ನು ಕನ್ನಡ ಮಾಡಿ ಬರೆಯುತ್ತೇನೆ. ಹಳೆಯ ಚಟ ಬಿಟ್ಟು ಬರೆಯುತ್ತೇನೆ, ಆಣೆ.

"ಮತದಾನ ಮುಗಿಯೂ ತನಕಾ ನರ್ಸಬಾಯಿ ಬ್ಯಾರೆ ಕಡೆ ಇರಲಿ, ಗಂಗಾಬಾಯಿ," ಎಂದಳು ವೈನಿ, ದನಿ ಇಳಿಸಿ. "ನನಗೇನ ಅನಸಂಗಿಲ್ಲ. ನನ್ನ ಇಬ್ಬರೂ ಗಂಡುಮಕ್ಕಳು ಅಕಿ ಕೈಯಾಗ ಹುಟ್ಯಾವ. ಆದ್ರ ಜನ ಅಂತಾರ. ನಿಮ್ಮ ಸಂಡಾಸಕ್ಕಾದ್ರೂ ಇಷ್ಟು ಮಾಡ್ರಿ."

ಅತ್ಯಾ ಕೆರಳಿದಳು. ಮೌಶಿ ಕೆರಳಲಿಲ್ಲ, ಒಳಗೆ ಹೋಗಿ ಮಂಚದ ಕೆಳಗಿನಿಂದ ಟ್ರಂಕು ಎಳೆದಳು. ಕ್ಯಾಂಪಿನಲ್ಲಿ ಅವಳ ಜೊತೆ ಕಲಿತ ಪಾರಸಿ ನರ್ಸೊಬ್ಬಳಿದ್ದಳು, ಅಲ್ಲಿಗೆ ಹೋಗುವುದಂತೆ. ಮತದಾನದ ತನಕ. ಗೆದ್ದರೆ ಆಮೇಲೂ ಬರುವುದು ಚಂದವಲ್ಲ, ಸದಸ್ಯರ ಮನೆ ಎಂದರೆ ಹತ್ತು ಕಣ್ಣು ನೋಡುತ್ತವೆ ಎಂದೂ ಸೀರೆ ಮಡಿಸುತ್ತಾ ಅಂದಳು. ಇಬ್ಬರೂ ಮಾತು ಬಿಟ್ಟರು. ಟಪಾಲಿಗೆ ಇಷ್ಟು ಕೆಲಸ ಎಂದೂ ಬಂದಿರಲಿಲ್ಲ.

"ಹೇಳು ಅಕಿಗೆ, ಹೋಗೋರು ಹೋಗ್ಲಿ ಅಂತ," ಎಂದಳು ಅತ್ಯಾ.

ನಾನು ಪಡಸಾಲೆ ದಾಟಿ, ಕಣ್ಣು ಒರೆಸಿಕೊಂಡು ಹೇಳಿದೆ:

"ಮೌಶಿ, ಅತ್ಯಾ ಅಳ್ಳಿಕ್ಹತ್ಯಾಳ."

"ಅಕಿನಾ?" ಮೌಶಿ ತಲೆಯೆತ್ತಲಿಲ್ಲ. "ಅಕಿ ಅವರಪ್ಪ ಸತ್ತಾಗೂ ಅತ್ತಿಲ್ಲ. ಸುಳ್ಳು ಹೇಳೂದಿದ್ರ ನಂಬೂ ಹಂಗ ಹೇಳು, ಸುಶಿ. ಇಷ್ಟ ದಿನಾ ಕಲ್ತದ್ದೆಲ್ಲಾ ಎಲ್ಲಿ ಹೋತು?"

ಅಂದರೆ ಅವಳಿಗೆ ಮೊದಲಿಂದಲೂ ಎಲ್ಲ ಗೊತ್ತಿತ್ತು! ನನ್ನ ಅಹಂಕಾರಕ್ಕೆ ಅಂಥ ಪೆಟ್ಟು ಆಮೇಲೆ ಯಾರೂ ಕೊಟ್ಟಿಲ್ಲ. ಹೇಗೋ ಒಂದು ಸಣ್ಣ ಗೆಲುವು ಮಾತ್ರ ಸಿಕ್ಕಿತು. ವೈನಿ ಪ್ರತಿ ವರ್ಷ ಚೌಕದಲ್ಲಿ ಮಾಡುವ ಚೈತ್ರ ಗೌರಿಯ ಅರಿಷಿಣ ಕುಂಕುಮ ಹತ್ತಿರ ಬಂದಿತ್ತು. ಅದಕ್ಕೆ ಕೋಸಂಬರಿ, ಪಾನಕ ಮಾಡುವವರು ಯಾರು ಎಂದು ಕೇಳಿದೆ. ಅದು ಮುಗಿಸಿ ಸಂಜೆ ಟಾಂಗಾ ಹತ್ತುತ್ತೇನೆ ಎಂದಳು. ಟ್ರಂಕು ಬಾಗಿಲ ಬಳಿ ಹೋಗಿ ಕೂತಿತು.

ಅತ್ಯಾನ ಪ್ರಚಾರವೆಲ್ಲ ಈ ಅರಿಷಿಣ ಕುಂಕುಮದ ಮೇಲೆ ನಿಂತಿತ್ತು. ಭಾಷಣದ ಸಭೆಗೆ ಪೇಠದ ಗೃಹಿಣಿಯರನ್ನು ಗಂಡಂದಿರು ಬಿಡುತ್ತಿರಲಿಲ್ಲ. ಆದರೆ ಕುಂಕುಮಕ್ಕೆ ಕರೆದರೆ ಯಾರೂ ಇಲ್ಲ ಅನ್ನುವ ಹಾಗಿಲ್ಲ, ಯಾವ ಗಂಡನೂ ತಡೆಯುವ ಹಾಗಿಲ್ಲ, ಎದುರು ನಿಂತ ವಕೀಲಬಾಯಿಯೂ ಬರಲೇಬೇಕು. ಮತವಿದ್ದ ಹೆಂಗಸರೆಲ್ಲ ಒಂದೇ ಚೌಕದಲ್ಲಿ ಸಿಗುತ್ತಾರೆ. ತೊಡಕು ಒಂದೇ. ಪ್ರತಿ ವರ್ಷವೂ ಆ ದಿನ ಮೌಶಿ ಮುಂಜಾನೆಯಿಂದ ಕೆಳಗೆ ವೈನಿಯ ಅಡಿಗೆಮನೆಯಲ್ಲಿ ಕೂತು ಮಾವಿನಕಾಯಿ ತುರಿಯುತ್ತಿದ್ದಳು, ಕಡಲೆಬೇಳೆ ರುಬ್ಬುತ್ತಿದ್ದಳು, ಹೆಂಗಸರು ಬರಲು ಶುರುವಾದ ಕೂಡಲೇ ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಉಳಿಯುತ್ತಿದ್ದಳು. ವಿಧವೆಯ ನೆರಳು ಅಲ್ಲಿ ಬೀಳಬಾರದು. ಅವಳು ಹೆರಿಗೆ ಮಾಡಿಸಿದ ಹೆಂಗಸರೇ ಅವಳು ಮಾಡಿದ ಕೋಸಂಬರಿ ತಿಂದು, ಅವಳನ್ನು ನೋಡದೆ ಹೋಗುತ್ತಿದ್ದರು. ಅತ್ಯಾ ವರ್ಷಾ ಜಗಳ ತೆಗೆಯುತ್ತಿದ್ದಳು; "ನನಗ ಅವರ ಕುಂಕುಮಾ ಏನ ಮಾಡೂದದ?" ಎಂದು ಮೌಶಿ ತಳ್ಳಿಹಾಕುತ್ತಿದ್ದಳು.

ಆ ವರ್ಷ ಚೌಕ ತುಂಬಿತು. ಗೌರಿಯನ್ನು ತೊಟ್ಟಿಲಲ್ಲಿ ಕೂರಿಸಿ, ಮುಂದೆ ಕಲ್ಲಂಗಡಿಯನ್ನು ಕಮಲದ ಹಾಗೆ ಕೊರೆದಿಟ್ಟಿದ್ದರು. ಅತ್ತರು, ಮಲ್ಲಿಗೆ, ಬೇಸಿಗೆಯ ಬೆವರು. ಅತ್ಯಾ ಒಬ್ಬೊಬ್ಬರ ಪಕ್ಕ ಕೂತು ಮಂಡಿಯ ಹೆಂಗಸರ ವಿಷಯ ಮೆಲ್ಲಗೆ, ಅಂದರೆ ಅವಳ ಮಟ್ಟಿಗೆ ಮೆಲ್ಲಗೆ, ಹೇಳುತ್ತಿದ್ದಳು. ತಲೆಗಳು ಹೌದೆನ್ನುತ್ತಿದ್ದವು. ಆಮೇಲೆ ಒಡಪು ಶುರುವಾಯಿತು. ಗಂಡನ ಹೆಸರನ್ನು ಬರಿದೇ ಬಾಯಿಗೆ ತರದ ಹೆಂಗಸರು ಪದ್ಯದೊಳಗೆ ಇಟ್ಟು ಹೇಳುವುದಕ್ಕೆ ನಾವು ಒಡಪು ಅನ್ನುತ್ತೇವೆ, ಅವರು ಉಖಾಣಾ ಅನ್ನುತ್ತಾರೆ. ನಮ್ಮ ವಾಡೆಯಲ್ಲಿ ಅದಕ್ಕೊಂದು ಕಟ್ಟಳೆ ಇತ್ತು: ಹೆಸರು ಹೇಳು ಎಂದು ಯಾರು ಒತ್ತಾಯ ಮಾಡುತ್ತಾರೋ ಅವರೇ, ಹೇಳಿದವಳಿಗೂ ಅವಳ ಮನೆಯವರು ಅಲ್ಲಿದ್ದರೆ ಅವರಿಗೂ ತಮ್ಮ ಕೈಯಾರೆ ಕುಂಕುಮ ಪಾನಕದ ಉಪಚಾರ ಮಾಡಬೇಕು. ಸರತಿ ಅತ್ಯಾನ ಹತ್ತಿರ ಬಂದರೆ ಎಲ್ಲರೂ ದಾಟಿಸುತ್ತಿದ್ದರು; ನಲವತ್ತು ದಾಟಿದ ಕುಮಾರಿಕೆಗೆ ಯಾರ ಹೆಸರು? ಆ ದಿನ ವಕೀಲಬಾಯಿ ದಾಟಿಸಲಿಲ್ಲ.

"ನಮ್ಮೆಲ್ಲರ ಕಡಿಂದ ಮಾತಾಡ್ಲಿಕ್ಕೆ ಹೊಂಟೀರಿ, ಗಂಗಾಬಾಯಿ," ಎಂದಳು ನಗುತ್ತಾ. "ನಮ್ಮ ಹಂಗ ಒಂದ ಹೆಸರಾದ್ರೂ ಹೇಳ್ರಿ. ಯಾರದಂತ ಕೇಳೋಣು."

ಬೀಸಣಿಗೆಗಳು ನಿಂತವು. ಅತ್ಯಾ ಹೂಂ ಎಂದು ಎದ್ದು ನಿಂತಳು. ಅವಳು ಹೆಂಗಸರ ಕಡೆ ನೋಡಲಿಲ್ಲ. ಮುಂದೆ ಮಾಡಿದ್ದ ಅಡಿಗೆಮನೆಯ ಬಾಗಿಲ ಕಡೆ ನೋಡಿ, ಅಲ್ಲಿ ಯಾರಿಗೂ ತಿಳಿಯದ ನಮ್ಮ ಕನ್ನಡದಲ್ಲಿ, ಶಾಲೆಯ ದನಿ ಬಿಟ್ಟು ಬೇರೊಂದು ದನಿಯಲ್ಲಿ ಹೇಳಿದಳು:

"ಮುಳಾ ಮುಠಾ ಕೂಡಿದಲ್ಲೆ ನೀರು ಎರಡಲ್ಲ, ಒಂದ;
ಶಾಂತಾನ ಹೆಸರು ಹೇಳತೀನಿ, ಬಾಗಿಲಾ ತಗದ ಬಾ ಮುಂದ."

"ಏನಂದ್ರು?" ವಕೀಲಬಾಯಿ ಕೇಳಿದಳು. ಯಾರಿಗೆ ಗೊತ್ತು? ಎಲ್ಲರ ಕಣ್ಣೂ ತಿರುಗಿ ನನ್ನ ಮೇಲೆ ಬಂದವು. ಆ ಇಡೀ ಚೌಕದಲ್ಲಿ ಎರಡೂ ಭಾಷೆ ಬಲ್ಲ ಮೂರನೆಯ ಪ್ರಾಣಿ ನಾನೊಬ್ಬಳೇ. ನನ್ನ ಹತ್ತಿರ ಸುಳ್ಳಿಗೆ ಬರವೇ? ಶಾಂತ ಸ್ವರೂಪಿ ಪಾಂಡುರಂಗನ ಹೆಸರು ಹೇಳಿದಳು ಎಂದಿದ್ದರೆ ಮುಗಿಯುತ್ತಿತ್ತು. ಹೆಂಗಸರು ಆಹಾ ಎನ್ನುತ್ತಿದ್ದರು, ಮತ ಬರುತ್ತಿತ್ತು, ಸಂಜೆ ಟಾಂಗಾ ಬರುತ್ತಿತ್ತು. ಅತ್ಯಾ ನನ್ನ ಕಡೆ ನೋಡಿದಳು. ಹೇಳು ಎಂದೂ ಇಲ್ಲ, ಬೇಡ ಎಂದೂ ಇಲ್ಲ. ಟಪಾಲನ್ನು ನನ್ನ ಕೈಗೆ ಕೊಟ್ಟು ಸುಮ್ಮನೆ ನಿಂತಿದ್ದಳು.

ನಾನು ಇದ್ದದ್ದು ಇದ್ದ ಹಾಗೆ ಮರಾಠಿಯಲ್ಲಿ ಹೇಳಿದೆ. ಪುಣೆಯ ಆ ಎರಡು ಹೊಳೆಗಳ ನೀರನ್ನೂ ಹೇಳಿದೆ, ಹೆಸರನ್ನೂ ಹೇಳಿದೆ, ಬಾಗಿಲನ್ನೂ ಹೇಳಿದೆ. ಒಂದಕ್ಷರ ಕೂಡಿಸಲಿಲ್ಲ, ಕಳೆಯಲಿಲ್ಲ. ಕತ್ತೆ ಗಿತ್ತೆ ಎಲ್ಲ ಬದಿಗಿಡಿ. ನನ್ನ ಆಯುಷ್ಯದಲ್ಲಿ ನಾನು ಮಾಡಿದ ಅತಿ ದೊಡ್ಡ ಕಿಡಿಗೇಡಿತನ ಅದು.

ಮೂಲೆಯಲ್ಲಿದ್ದ ಒಬ್ಬ ಅತ್ತೆ ತನ್ನ ಸೊಸೆಯಂದಿರನ್ನು ಎಬ್ಬಿಸಿಕೊಂಡು ಹೊರಟುಹೋದಳು, ಅವಳ ಹಿಂದೆ ಇನ್ನೂ ಕೆಲವರು. ಉಳಿದವರು ಎದ್ದೂ ಏಳದ ಹಾಗೆ ಕೂತಿದ್ದರು. ಆಗ ಬಾಗಿಲು ಕಿರ್ರೆಂದಿತು. ಮೌಶಿ ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕೈ ತನಕ ಮಾವಿನಕಾಯಿಯ ತುರಿ ಅಂಟಿಸಿಕೊಂಡು.

"ಏನಾತು, ಗಂಗಾ? ಕೋಸಂಬರ್ಯಾಗ ಉಪ್ಪು ಕಡಿಮಿ ಆಗೇದೇನು, ಮಂದಿ ಮುಂದ ಹೆಸರ ಹಿಡದು ಕರ್ಯಾಕ?"

ಹಾಗೆಂದವಳೇ ಮರಾಠಿಗೆ ತಿರುಗಿ, ವಕೀಲಬಾಯಿಗೆ ಕೇಳಿದಳು:

"ಸಣ್ಣವನ ಕೆಮ್ಮು ಹೆಂಗದರಿ? ಆಡಸೋಗಿ ಕಷಾಯ ಕುಡಸ್ತೀರಿಲ್ಲೊ?"

"ಕುಡಸ್ತೀನಿ," ಎಂದಳು ವಕೀಲಬಾಯಿ, ಏನು ಹೇಳುತ್ತಿದ್ದೇನೆಂದು ತಿಳಿಯುವ ಮೊದಲೇ. "ಉಗುಳ್ತಾನ."

"ಜೇನುತುಪ್ಪದಾಗ ಕಲಸ್ರಿ."

ಮೌಶಿ ಬಂದು ಜಮಖಾನೆಯ ಮೇಲೆ ಅತ್ಯಾನ ಪಕ್ಕ ಕೂತಳು. ವೈನಿ ಎಲ್ಲಿಂದಲೋ ಧೈರ್ಯ ತಂದುಕೊಂಡು ಕುಂಕುಮದ ಕರಂಡಕವನ್ನು ವಕೀಲಬಾಯಿಯ ಮುಂದೆ ಹಿಡಿದಳು. ಕಟ್ಟಳೆ ಕಟ್ಟಳೆಯೇ; ಒತ್ತಾಯ ಮಾಡಿದವಳು ಉಪಚಾರ ಮಾಡಬೇಕು. ರಿವಾಜು ಮುರಿದವಳು ಎನಿಸಿಕೊಳ್ಳುವುದಕ್ಕಿಂತ ವಕೀಲಬಾಯಿ ನತ್ತು ಕಳಕೊಂಡಾಳು. ಅವಳು ಎದ್ದು ಅತ್ಯಾನ ಹಣೆಗೆ ಕುಂಕುಮ ಇಟ್ಟಳು. ಮೌಶಿಯ ಮುಂದೆ ಬಂದಾಗ ಅವಳ ಬೆರಳು ಗಾಳಿಯಲ್ಲೇ ನಿಂತಿತು. ವಿಧವೆಯ ಹಣೆಗೆ ಇಟ್ಟರೂ ತಪ್ಪು, ಇಡದಿದ್ದರೂ ತಪ್ಪು.

"ಅದ ನನಗ ಬ್ಯಾಡ್ರಿ," ಎಂದಳು ಮೌಶಿ. "ಒಂದ ವಾಟಗಾ ಪಾನಕಾ ಕೊಡ್ರಿ. ಮುಂಜಾನಿಂದ ನಾನಽ ಮಾಡೇನಿ, ಒಂದ ಹನಿ ಬಾಯಿಗೆ ಹಾಕ್ಕೊಂಡಿಲ್ಲ."

ಮೊದಲು ನಕ್ಕವಳು ವೈನಿ. ವಕೀಲಬಾಯಿ ಪಾತ್ರೆಯಿಂದ ತಾನೇ ಬಗ್ಗಿಸಿ, ಎರಡೂ ಕೈಯಲ್ಲಿ ವಾಟಗಾ ಹಿಡಿದು ಕೊಟ್ಟಳು. ಮೌಶಿ ಎಲ್ಲರ ನಡುವೆ ಕೂತು ಗಟಗಟ ಕುಡಿದಳು, ಇನ್ನೊಂದು ಕೇಳಿದಳು.

ಸಂಜೆ ಟಾಂಗಾ ಬಂತು. ಅತ್ಯಾ ಟ್ರಂಕಿನ ಮೇಲೆ ಕೂತಿದ್ದಳು, ತಾಟನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಾ.

"ಏಳು," ಎಂದಳು ಮೌಶಿ.

"ಏಳಂಗಿಲ್ಲ. ಸಾರಿಗೆ ಇನ್ನೊಂದೀಟು ಬೆಲ್ಲಾ ಹಾಕು."

"ನಿನಗ ಓಟ ಬೀಳಂಗಿಲ್ಲ ಈಗ. ತಿಳೀತದಿಲ್ಲೊ?"

"ಬೀಳಲಿ, ಬಿಡಲಿ. ನೀ ಟಾಂಗಾದವನ್ನ ಕಳಸು."

ನಾನು ಇಬ್ಬರ ನಡುವೆ ನಿಂತು ಒಮ್ಮೆ ಅತ್ಯಾನ ಮುಖ, ಒಮ್ಮೆ ಮೌಶಿಯ ಮುಖ ನೋಡಿದೆ. ಯಾರೂ ನನಗೆ "ಹೇಳು" ಅನ್ನಲಿಲ್ಲ. ನನ್ನ ನೌಕರಿ ಹೋಗಿತ್ತು. ಟಾಂಗಾದವನನ್ನು ಕಳಿಸುವ ಕೆಲಸವಾದರೂ ಸಿಕ್ಕಿತಲ್ಲ ಎಂದು ಮೆಟ್ಟಿಲಿಳಿದು ಓಡಿದೆ.

ಮೌಶಿ ಹೇಳಿದ್ದೇ ಆಯಿತು, ಅತ್ಯಾ ಸೋತಳು. ಫಲಿತಾಂಶದ ದಿನ ಮೌಶಿ ಅತ್ತಳು. ಅತ್ಯಾ ಹೊಟ್ಟೆ ತುಂಬ ಉಂಡು, ಮಧ್ಯಾಹ್ನವಿಡೀ ಗೊರಕೆ ಹೊಡೆದಳು. ಆದರೆ ವಾಡೆಯಲ್ಲಿ ಒಂದು ಬದಲಾವಣೆ ಆಯಿತು. ಆ ಚೌಕದಲ್ಲಿ ಕೂತೇ ಉಳಿದಿದ್ದ ಹೆಂಗಸರು ಒಬ್ಬೊಬ್ಬರಾಗಿ ನಮ್ಮ ಮೆಟ್ಟಿಲು ಹತ್ತತೊಡಗಿದರು, ಮಗುವಿನ ಜ್ವರವೆಂದು, ಹಾಲಿನ ಹೆಪ್ಪೆಂದು, ಸುಮ್ಮನೆ ಎಂದು. ಬಂದವರು ಮಂಡಿಯ ಮಾತು ಕೇಳಿ ಹೋಗುತ್ತಿದ್ದರು. ಹೋದವರು ವಕೀಲಬಾಯಿಗೆ ಅದನ್ನೇ ಕೇಳುತ್ತಿದ್ದರು. ಗೆದ್ದವಳಿಗೆ ನಿದ್ದೆ ಇಲ್ಲದ ಹಾಗಾಯಿತು. ಮಳೆಗಾಲ ಶುರುವಾದ ಮೇಲೆ ಒಂದು ದಿನ ಅವಳೇ ನತ್ತು ಸರಿಮಾಡಿಕೊಳ್ಳುತ್ತಾ ಮೇಲೆ ಬಂದಳು, ಕಂಕುಳಲ್ಲಿ ಪಾಲಿಕೆಯ ಇಂಜಿನಿಯರು ಬರೆದುಕೊಟ್ಟ ಮಂಡಿಯ ಸಂಡಾಸದ ನಕ್ಷೆ. ಮುಂದಿನ ಸಲ ಅತ್ಯಾ ಆರಿಸಿ ಬಂದದ್ದೂ ಅವಳದೇ ಬೆಂಬಲದಿಂದ, ಅದು ಇರಲಿ. ಆ ದಿನ ಅವಳು ನಮ್ಮ ಅಡಿಗೆಮನೆಯ ನೆಲದ ಮೇಲೆ ಕೂತು ನಕ್ಷೆ ಬಿಡಿಸಿದಳು.

"ಹೊರಗ ಅಗಳಿ ಇಟ್ಟಾರ," ಎಂದಳು. "ಕಾವಲುಗಾರ ಕೀಲಿ ಹಾಕಿ ತಗೀಲಿಕ್ಕೆ ಅನುಕೂಲ ಅಂತ ಇಂಜಿನಿಯರು ಅಂತಾರ. ನನಗೂ ಸರಿ ಅನಸ್ತು."

ಅತ್ಯಾ ಬಾಯಿ ತೆರೆದಳು. ಮೌಶಿ ಒಲೆಯ ಮುಂದಿನಿಂದ ಸೌಟು ಹಿಡಿದೇ ತಿರುಗಿ, ಅತ್ಯಾಗೆ ಸುಮ್ಮನಿರು ಎಂದು ಕೈ ಮಾಡಿದಳು.

"ಒಳಗ ಹಾಕಸ್ರಿ ಅಗಳಿ. ಬಾಗಿಲಾ ಯಾವಾಗ ತಗೀಬೇಕಂತ ಒಳಗಿದ್ದಾಕಿಗೆ ಗೊತ್ತಿರ್ತದ."

ವಕೀಲಬಾಯಿ ನನ್ನ ಪಾಟಿಚೀಲದಿಂದ ಪೆನ್ಸಿಲು ತೆಗೆದುಕೊಂಡು, ನಕ್ಷೆಯ ಮೇಲೆ ಬಗ್ಗಿ, ಇಂಜಿನಿಯರು ಬರೆದ ಅಗಳಿಯನ್ನು ಹೊಡೆದುಹಾಕಿ ಒಳಗಡೆ ಬರೆದಳು.